ಬೆಂಕಿ ಕಂಡಾಗ ಮೊದಲ ಅರ್ಧ ನಿಮಿಷ: ಕೆಲಸದ ಜಾಗದಲ್ಲಿ ಫೈರ್ ಸಿಲಿಂಡರ್ ಬಳಸುವ ಬಗೆ

ಆಫೀಸು, ಕಾರ್ಖಾನೆ, ಗೋಡೌನ್, ಎಲ್ಲೇ ಕೆಲಸ ಮಾಡಿ, ಗೋಡೆಯಲ್ಲೊಂದು ಕೆಂಪು ಸಿಲಿಂಡರ್ ಇದ್ದೇ ಇರುತ್ತದೆ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇವೆ. ಆದರೆ ಅದನ್ನು ಒತ್ತಿ ಹಿಡಿದರೆ ಎಷ್ಟು ಹೊತ್ತು ಬರುತ್ತದೆ ಎಂದು ಸುಮ್ನೆ ನಾಲ್ಕು ಜನರನ್ನು ಕೇಳಿ ನೋಡಿ. ಐದು ನಿಮಿಷ, ಹತ್ತು ನಿಮಿಷ ಎಂಬ ಉತ್ತರವೇ ಜಾಸ್ತಿ ಬರುತ್ತದೆ. ನಿಜ ಬೇರೆಯೇ ಇದೆ. 1 ಕೆ.ಜಿ. ಪೌಡರ್ ಸಿಲಿಂಡರ್ 8-10 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಎಲ್ಲೆಡೆ ಕಾಣುವ 4 ಅಥವಾ 6 ಕೆ.ಜಿ.ಯದ್ದು ಹೆಚ್ಚುಕಮ್ಮಿ 15-20 ಸೆಕೆಂಡ್. 9 ಲೀಟರಿನ ನೀರಿನ ಸಿಲಿಂಡರ್ ಮಾತ್ರ ಸುಮಾರು ಒಂದು ನಿಮಿಷ ಬರುತ್ತದೆ.

ಇಷ್ಟು ಚಿಕ್ಕ ಸಮಯದಲ್ಲಿ ಲೇಬಲ್ ಓದುತ್ತಾ ಕೂರಲು ಆಗುವುದಿಲ್ಲ. ಯಾವ ಬೆಂಕಿಗೆ ಯಾವುದು, ಹೇಗೆ ಹಿಡಿಯಬೇಕು, ಯಾವಾಗ ಬಿಟ್ಟು ಓಡಬೇಕು ಎನ್ನುವುದೆಲ್ಲ ಮೊದಲೇ ತಲೆಯಲ್ಲಿರಬೇಕು. ಇನ್ನೊಂದು ಮಾತು. ಈ ಸಿಲಿಂಡರ್ ಇರುವುದು ಕಸದ ಬುಟ್ಟಿಯಷ್ಟು ದೊಡ್ಡ ಬೆಂಕಿಗೆ. ಅದಕ್ಕಿಂತ ದೊಡ್ಡದಾದರೆ ಅದು ಅಗ್ನಿಶಾಮಕ ದಳದ ಕೆಲಸ, ನಮ್ಮದಲ್ಲ.

ಮೊದಲು ಒಂದು ಸುತ್ತು ಹಾಕಿ

ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಬಿಸಿ, ಗಾಳಿಯಲ್ಲಿರುವ ಆಮ್ಲಜನಕ. ಗಾಳಿಯನ್ನು ನಾವು ತೆಗೆಯಲಾರೆವು. ನಮ್ಮ ಕೈಯಲ್ಲಿರುವುದು ಬಿಸಿ ಮತ್ತು ಉರಿಯುವ ವಸ್ತು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದು. ಈ ಕಣ್ಣಿನಿಂದ ನಿಮ್ಮ ಕೆಲಸದ ಜಾಗದಲ್ಲಿ ಒಂದು ಸುತ್ತು ಬನ್ನಿ.

ಮೇಜಿನ ಕೆಳಗೆ ಬಗ್ಗಿ ನೋಡಿ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು, ಅದಕ್ಕೆ ಮತ್ತೊಂದು, ಕೊನೆಯದಕ್ಕೆ ಹೀಟರೋ ಕೆಟಲೋ ಸಿಕ್ಕಿಸಿರುವುದು ತುಂಬಾ ಕಡೆ ಕಾಣುತ್ತದೆ. ವೈರಿಗೆ ತಡೆಯುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ. ಸುರುಳಿ ಸುತ್ತಿಟ್ಟ ವೈರು ಇನ್ನೂ ಬೇಗ ಬಿಸಿಯಾಗುತ್ತದೆ, ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಪ್ಲಗ್ ಮುಟ್ಟಿದರೆ ಬಿಸಿ ಅನಿಸುತ್ತಿದೆಯೇ, ಸಾಕೆಟ್ಟಿನ ಸುತ್ತ ಕಂದು ಬಣ್ಣ ಬಂದಿದೆಯೇ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಆ ಸಾಕೆಟ್ ಬಳಸುವುದನ್ನು ಅವತ್ತೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನಾಗಿ ಆರುವ ಸ್ವಿಚ್, ಪದೇ ಪದೇ ಬೀಳುತ್ತದೆ ಎಂದು ದೊಡ್ಡ ಎಂಸಿಬಿ ಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುವುದೇ ವೈರನ್ನು ಕಾಪಾಡಲು. ಅದನ್ನು ದೊಡ್ಡದು ಮಾಡಿದರೆ ಗೋಡೆಯೊಳಗಿನ ವೈರು ಯಾರಿಗೂ ಗೊತ್ತಾಗದೆ ಬಿಸಿಯಾಗುತ್ತಾ ಹೋಗುತ್ತದೆ.

ಬಣ್ಣ, ಪಾಲಿಶ್ ಕೆಲಸ ಇರುವ ಕಡೆ ಇನ್ನೊಂದು ಅಪಾಯವಿದೆ, ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯನ್ನು ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಕಿಡಿ ಇಲ್ಲದೆಯೇ ಅವು ಹೊತ್ತಿಕೊಳ್ಳಬಹುದು. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆಯಾಗಿದ್ದರೆ ಒಳಗೇ ಸೇರುತ್ತಾ ಹೋಗಿ, ಎಲ್ಲರೂ ಮನೆಗೆ ಹೋದ ಮೇಲೆ ಬೆಂಕಿ ಏಳುತ್ತದೆ. ಇಂಥ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲೇ ಹಾಕಿ. ಇಲ್ಲವೇ ಹೊರಗೆ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ.

ವೆಲ್ಡಿಂಗ್, ಕಟಿಂಗ್, ಗ್ರೈಂಡಿಂಗ್ ನಡೆಯುವಾಗ ಕಿಡಿಗಳು ನಾವು ಅಂದುಕೊಳ್ಳುವುದಕ್ಕಿಂತ ತುಂಬಾ ದೂರ ಹಾರುತ್ತವೆ. ಸುತ್ತ 11 ಮೀಟರ್ ಒಳಗೆ ಉರಿಯುವ ಸಾಮಾನು ಇರಬಾರದು ಎನ್ನುವುದು ಒಪ್ಪಿತ ನಿಯಮ. ಸರಿಸಲು ಆಗದ್ದನ್ನು ಬೆಂಕಿ ತಡೆಯುವ ಹೊದಿಕೆಯಿಂದ ಮುಚ್ಚಬೇಕು. ಕೆಲಸ ಮುಗಿಯಿತು ಎಂದು ಬೀಗ ಹಾಕಿ ಹೋಗಬಾರದು. ಕಿಡಿಯೊಂದು ರಟ್ಟಿನ ರಾಶಿಯೊಳಗೆ ಸೇರಿಕೊಂಡು ಹೊಗೆಯಾಡುತ್ತಾ ಇದ್ದು, ಎಷ್ಟೋ ಹೊತ್ತಿನ ಮೇಲೆ ಭಗ್ಗನೆ ಹೊತ್ತಿಕೊಳ್ಳಬಹುದು. ಕೆಲಸ ನಿಂತ ಮೇಲೂ ಕನಿಷ್ಠ 1 ಗಂಟೆ ಒಬ್ಬರು ಅಲ್ಲೇ ಇದ್ದು ಕಾಯಬೇಕು.

ಬ್ಯಾಟರಿ ಚಾರ್ಜ್ ಮಾಡುವ ಜಾಗ ಹೊರಬಾಗಿಲಿನ ದಾರಿಯಲ್ಲಿ ಇರಬಾರದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಸ್ಪ್ರಿಂಕ್ಲರ್ ಇದ್ದರೆ ಅದರ ಕೆಳಗೆ ಕನಿಷ್ಠ 45 ಸೆಂ.ಮೀ. ಜಾಗ ಖಾಲಿ ಬಿಡಿ. ರ‍್ಯಾಕಿನ ಮೇಲೆ ಸೂರಿಗೆ ಮುಟ್ಟುವಂತೆ ಪೆಟ್ಟಿಗೆ ಪೇರಿಸಿದರೆ ನೀರು ಹರಡುವುದೇ ಇಲ್ಲ.

ಹೊರಗೆ ಹೋಗುವ ದಾರಿ

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಕಟ್ಟಡದ 8, 9, 10ನೇ ಮಹಡಿಗಳಲ್ಲಿ. ಬೆಂಕಿ ಶುರುವಾದದ್ದು 8ನೇ ಮಹಡಿಯ ಬಟ್ಟೆ ಚೂರುಗಳ ತೊಟ್ಟಿಯಲ್ಲಿ. ಬಕೆಟ್ ನೀರು ಎರಚಿದರು, ಆರಲಿಲ್ಲ. 10ನೇ ಮಹಡಿಗೆ ಫೋನ್ ಹೋಯಿತು, ಅಲ್ಲಿದ್ದವರು ಹೆಚ್ಚಿನವರು ಮೇಲ್ಛಾವಣಿಯ ಮೂಲಕ ಪಾರಾದರು. 9ನೇ ಮಹಡಿಗೆ ಸುದ್ದಿ ಮುಟ್ಟಲಿಲ್ಲ. ಅಲ್ಲಿದ್ದವರಿಗೆ ಗೊತ್ತಾದಾಗ ಬೆಂಕಿಯೇ ಬಂದಿತ್ತು, ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಒಟ್ಟು 146 ಜನ ಸತ್ತರು. ನೂರು ವರ್ಷ ಕಳೆದ ಮೇಲೆ, 2012ರ ನವೆಂಬರಿನಲ್ಲಿ ಬಾಂಗ್ಲಾದೇಶದ ತಜ್ರೀನ್ ಕಾರ್ಖಾನೆಯಲ್ಲಿ ಅಲಾರಂ ಹೊಡೆದರೂ ಮೇಲ್ವಿಚಾರಕರು ವಾಪಸ್ ಕೆಲಸಕ್ಕೆ ಕೂರಲು ಹೇಳಿದರು ಎಂದು ಬದುಕಿ ಬಂದವರು ಹೇಳಿದರು. ನೂರಕ್ಕೂ ಹೆಚ್ಚು ಜನ ಹೋದರು.

ಈ ಎರಡನ್ನೂ ಹೇಳಿದ್ದು ಹೆದರಿಸಲಿಕ್ಕಲ್ಲ. ಎರಡು ಕಡೆಯೂ ಪ್ರಾಣ ಹೋಗಲು ಕಾರಣ ಸುದ್ದಿ ಮತ್ತು ಬಾಗಿಲು. ಅದಕ್ಕೇ ನನ್ನ ಲೆಕ್ಕದಲ್ಲಿ ಸಿಲಿಂಡರಿನ ಸ್ಥಾನ ಯಾವಾಗಲೂ ಮೂರನೆಯದು. ಅಲಾರಂ ಮೊದಲು, ದಾರಿ ಎರಡನೆಯದು.

ಈಗ ನಿಮ್ಮ ಜಾಗ ನೋಡಿ. ನೀವು ಕೂರುವ ಕಡೆಯಿಂದ ಹೊರಗೆ ಹೋಗಲು ಎರಡು ಬೇರೆ ಬೇರೆ ದಾರಿ ಇದೆಯೇ? ಎರಡರಲ್ಲೂ ಒಮ್ಮೆ ನಡೆದು ನೋಡಿ. ತುರ್ತು ಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯಬೇಕು. ಮೆಟ್ಟಿಲ ಕೆಳಗೆ ಹಳೆ ಫೈಲು, ರಟ್ಟು, ಮುರಿದ ಕುರ್ಚಿ ಪೇರಿಸಿದ್ದರೆ ಇವತ್ತೇ ತೆಗೆಸಿ. ಮೆಟ್ಟಿಲ ಕಡೆಯ ಬೆಂಕಿ ಬಾಗಿಲುಗಳು ತಾನಾಗಿ ಮುಚ್ಚಿಕೊಳ್ಳಬೇಕು, ಓಡಾಡಲು ಸುಲಭ ಎಂದು ಅವಕ್ಕೆ ಕಲ್ಲೋ ಕುರ್ಚಿಯೋ ಅಡ್ಡ ಇಡಬಾರದು. ಹೊಗೆಯನ್ನು ತಡೆಯುವುದೇ ಆ ಬಾಗಿಲು. ಹೊರಗೆ ಎಲ್ಲಿ ಸೇರಬೇಕು, ಯಾರು ತಲೆ ಎಣಿಸುತ್ತಾರೆ, ಗಾಲಿಕುರ್ಚಿಯಲ್ಲಿರುವ ಸಹೋದ್ಯೋಗಿಗೆ ಯಾರು ಜೊತೆಯಾಗುತ್ತಾರೆ ಎಂಬುದು ಹೆಸರು ಸಮೇತ ಮೊದಲೇ ತೀರ್ಮಾನವಾಗಿರಲಿ. ರಜೆಯಲ್ಲಿರುವವರ ಬದಲಿಗೆ ಯಾರು ಎನ್ನುವುದೂ ಅದರಲ್ಲೇ ಇರಲಿ.

ಯಾವ ಬೆಂಕಿಗೆ ಯಾವ ಸಿಲಿಂಡರ್

ಎಲ್ಲ ಸಿಲಿಂಡರೂ ಕೆಂಪಾಗಿ ಕಂಡರೂ ಒಳಗಿರುವುದು ಬೇರೆ ಬೇರೆ. ತಪ್ಪು ಸಿಲಿಂಡರ್ ಹಿಡಿದರೆ ಬೆಂಕಿ ಆರುವ ಬದಲು ಹರಡಬಹುದು. ಬಣ್ಣದ ಪಟ್ಟಿಯ ಪದ್ಧತಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹಾಗಾಗಿ ಬಣ್ಣ ನಂಬಬೇಡಿ, ಲೇಬಲನ್ನು ಮೊದಲೇ ಓದಿಡಿ.

ಮರ, ಕಾಗದ, ಬಟ್ಟೆ, ರಟ್ಟು ಉರಿದರೆ ಕೆಂಡ ಉಳಿಯುತ್ತದೆ. ಇದು ‘ಎ’ ವರ್ಗ. ಇಲ್ಲಿ ಒಳಗಿನ ತನಕ ತಣ್ಣಗಾಗಬೇಕು, ಅದಕ್ಕೆ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಫೋಮ್ (ನೊರೆ), ಎಬಿಸಿ ಪೌಡರ್ ಕೂಡ ಆಗುತ್ತದೆ. ಪೆಟ್ರೋಲ್, ಥಿನ್ನರ್, ಡೀಸೆಲ್, ಬಣ್ಣ ಇವು ‘ಬಿ’ ವರ್ಗ. ಇವುಗಳಿಗೆ ನೀರು ಹಾಕಿದರೆ, ನೀರಿಗಿಂತ ಹಗುರವಾದ ಪೆಟ್ರೋಲ್ ಅದರ ಮೇಲೆ ತೇಲಿ, ಉರಿಯುತ್ತಲೇ ಇನ್ನಷ್ಟು ದೂರ ಹರಿಯುತ್ತದೆ. ಇಲ್ಲಿ ಫೋಮ್, ಪೌಡರ್ ಅಥವಾ ಕಾರ್ಬನ್ ಡೈ ಆಕ್ಸೈಡ್ ಬೇಕು.

‘ಸಿ’ ಅಕ್ಷರದ ಹತ್ತಿರ ಸ್ವಲ್ಪ ಎಚ್ಚರ. ಯುರೋಪ್, ಭಾರತದ ಪದ್ಧತಿಯಲ್ಲಿ ‘ಸಿ’ ಅಂದರೆ ಗ್ಯಾಸಿನ ಬೆಂಕಿ. ಅಮೆರಿಕದ ಪದ್ಧತಿಯಲ್ಲಿ ಅದೇ ಅಕ್ಷರ ಕರೆಂಟ್ ಇರುವ ಉಪಕರಣದ ಬೆಂಕಿಗೆ. ಬೇರೆ ದೇಶದ ವಿಡಿಯೋ ನೋಡಿ ಕಲಿಯುವವರು ಇದನ್ನು ನೆನಪಿಡಬೇಕು. ಅಕ್ಷರದ ಜೊತೆಗೆ ಲೇಬಲ್ಲಿನ ಚಿತ್ರವನ್ನೂ ನೋಡಿದರೆ ಗೊಂದಲ ಇರುವುದಿಲ್ಲ. ಅಡುಗೆ ಎಣ್ಣೆಯ ಬೆಂಕಿಗೆ ಯುರೋಪಿನಲ್ಲಿ ‘ಎಫ್’, ಅಮೆರಿಕದಲ್ಲಿ ‘ಕೆ’. ಮೆಗ್ನೀಸಿಯಂನಂಥ ಉರಿಯುವ ಲೋಹಗಳದ್ದು ‘ಡಿ’.

ಕ್ಯಾಂಟೀನ್ ಇರುವ ಕಡೆ ಎಣ್ಣೆಯ ಬೆಂಕಿ ಬಗ್ಗೆ ಬಿಡಿಸಿಯೇ ಹೇಳಬೇಕು. ಹೊತ್ತಿಕೊಂಡ ಎಣ್ಣೆ 300 ಡಿಗ್ರಿಗೂ ಜಾಸ್ತಿ ಬಿಸಿ ಇರುತ್ತದೆ. ಅದಕ್ಕೆ ಒಂದು ಚೊಂಬು ನೀರು ಸುರಿದರೆ, ನೀರು ತಳಕ್ಕಿಳಿದು ಕ್ಷಣದಲ್ಲೇ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ರಭಸಕ್ಕೆ ಉರಿಯುವ ಎಣ್ಣೆಯೆಲ್ಲ ಮೇಲೆ ಚಿಮ್ಮಿ, ಬಾಣಲೆಯ ಬೆಂಕಿ ಸೂರು ಮುಟ್ಟುತ್ತದೆ. ನೀರಂತೂ ಬೇಡವೇ ಬೇಡ. ಒಲೆ ಆರಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳವನ್ನೋ ಬೆಂಕಿ ಕಂಬಳಿಯನ್ನೋ ಜಾರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆಯಬೇಡಿ. ಬಾಣಲೆಯನ್ನು ಎತ್ತಿ ಹೊರಗೆ ಒಯ್ಯಲು ಹೋಗಬೇಡಿ. ದೊಡ್ಡ ಕಡಾಯಿಗಳಿರುವ ಅಡುಗೆಮನೆಗೆ ವೆಟ್ ಕೆಮಿಕಲ್ ಸಿಲಿಂಡರ್ ಇರಬೇಕು. ಅದರಲ್ಲಿರುವ ಪೊಟ್ಯಾಸಿಯಂ ಲವಣದ ದ್ರಾವಣ ಬಿಸಿ ಎಣ್ಣೆಯ ಜೊತೆ ಸೇರಿ ಮೇಲೊಂದು ಸಾಬೂನಿನಂಥ ಪದರ ಕಟ್ಟುತ್ತದೆ, ಎಣ್ಣೆಯನ್ನು ತಣಿಸುತ್ತದೆ ಕೂಡ.

ಕರೆಂಟ್ ಇರುವ ಯಂತ್ರ, ಪ್ಯಾನೆಲ್, ಕಂಪ್ಯೂಟರಿಗೆ ಕಾರ್ಬನ್ ಡೈ ಆಕ್ಸೈಡ್ ಒಳ್ಳೆಯದು. ಅದು ಕರೆಂಟ್ ಹರಿಸುವುದಿಲ್ಲ, ಕಲೆ ಉಳಿಸುವುದಿಲ್ಲ. ಆದರೆ ಅದು ಅಷ್ಟಾಗಿ ತಣಿಸುವುದೂ ಇಲ್ಲ. ಗ್ಯಾಸು ಚದುರಿದ ಕೂಡಲೇ ಬಿಸಿ ವಸ್ತು ಮತ್ತೆ ಹೊತ್ತಿಕೊಳ್ಳಬಹುದು. ಪೌಡರ್ ಕೂಡ ಕರೆಂಟ್ ಹರಿಸುವುದಿಲ್ಲ, ಬೆಂಕಿಯನ್ನೂ ಬೇಗ ಹೊಡೆಯುತ್ತದೆ. ಆದರೆ ಆ ಪುಡಿ ಸಣ್ಣ ಸಂದಿಗಳಿಗೆ ನುಗ್ಗಿ ಎಲೆಕ್ಟ್ರಾನಿಕ್ಸ್ ಹಾಳುಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಒತ್ತಿದರೆ ನಮಗೇ ಬಾಗಿಲು ಕಾಣದಷ್ಟು ಮೋಡ ಕವಿಯುತ್ತದೆ. ಸರ್ವರ್ ರೂಮಿಗೆ ಪೌಡರ್ ತೂಗುಹಾಕಿರುವುದು ಕಂಡರೆ ಬದಲಿಸಲು ಹೇಳಿ. ಹಿಂದೆ ಇಂಥ ಕಡೆ ಹ್ಯಾಲಾನ್ ಎಂಬ ಗ್ಯಾಸು ಇರುತ್ತಿತ್ತು. ಅದು ಓಜೋನ್ ಪದರಕ್ಕೆ ಕೆಡುಕು ಎಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ತಯಾರಿಕೆ ನಿಂತಿತು. ಈಗ ಅದರ ಬದಲಿಗೆ ಕಲೆ ಉಳಿಸದ ಬೇರೆ ‘ಕ್ಲೀನ್ ಏಜೆಂಟ್’ ಗ್ಯಾಸುಗಳು ಬಂದಿವೆ.

ಪೌಡರಿನಲ್ಲೂ ಎರಡು ಬಗೆ ಇದೆ. ಎಬಿಸಿ ಪೌಡರಿನಲ್ಲಿ ಮೋನೋ ಅಮೋನಿಯಂ ಫಾಸ್ಫೇಟ್ ಇರುತ್ತದೆ. ಅದು ಬಿಸಿಗೆ ಕರಗಿ ಕೆಂಡದ ಮೇಲೆ ಪದರ ಕಟ್ಟುತ್ತದೆ. ‘ಬಿ-ಸಿ’ ಪೌಡರಿನಲ್ಲಿ, ಅಂದರೆ ‘ಬಿ’ ಮತ್ತು ‘ಸಿ’ ಎಂದಷ್ಟೇ ಬರೆದಿರುವುದರಲ್ಲಿ, ಹೆಚ್ಚಾಗಿ ಅಡುಗೆ ಸೋಡಾ ಜಾತಿಯ ಪುಡಿ ಇರುತ್ತದೆ. ಅದು ಕಾಗದ, ಮರದ ಜ್ವಾಲೆಯನ್ನು ತಗ್ಗಿಸಿದರೂ ಕೆಂಡ ಆರಿಸುವುದಿಲ್ಲ. ಗೋಡೌನಿನಲ್ಲಿ ರಟ್ಟು ತುಂಬಿದ್ದರೆ ಅದು ಸಾಲದು.

ಯುರೋಪಿನ ಇಎನ್ 3 ಮಾನದಂಡದ ಸಿಲಿಂಡರಾದರೆ ಲೇಬಲ್ಲಿನಲ್ಲಿ ‘21ಎ 113ಬಿ’ ಎಂಬಂಥ ಬರಹ ಕಾಣಬಹುದು. 21ಎ ಅಂದರೆ ಪರೀಕ್ಷೆಯಲ್ಲಿ 2.1 ಮೀಟರ್ ಉದ್ದದ ಮರದ ತುಂಡುಗಳ ಅಟ್ಟಿಯ ಬೆಂಕಿಯನ್ನು ಆರಿಸಿದೆ ಎಂದು. 113ಬಿ ಅಂದರೆ 113 ಲೀಟರ್ ದ್ರವ ತುಂಬಿದ ತಟ್ಟೆಯ ಬೆಂಕಿ. ಅಂಕಿ ದೊಡ್ಡದಾದಷ್ಟೂ ತಾಕತ್ತು ಜಾಸ್ತಿ. ಒಂದೇ ತೂಕದ ಎರಡು ಸಿಲಿಂಡರ್ ನಡುವೆ ಆರಿಸುವಾಗ ಈ ಅಂಕಿಯೇ ಸರಿಯಾದ ಅಳತೆ. ಪರೀಕ್ಷೆ ಮಾಡಿದವರು ಪಳಗಿದ ಕೈಯವರು ಎನ್ನುವುದೂ ನೆನಪಿರಲಿ. ನಮ್ಮ ಕೈಯಲ್ಲಿ ಅಷ್ಟು ಕೆಲಸ ಆಗುವುದಿಲ್ಲ.

ತಿಂಗಳಿಗೊಮ್ಮೆ ಎರಡು ನಿಮಿಷ

1818ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಜಾರ್ಜ್ ಮ್ಯಾನ್ಬಿ ಒಂದು ತಾಮ್ರದ ಪಾತ್ರೆಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರು ತುಂಬಿ, ಗಾಳಿಯ ಒತ್ತಡದಿಂದ ಚಿಮ್ಮುವಂತೆ ಮಾಡಿದ್ದ. ಇವತ್ತಿನ ಸಿಲಿಂಡರಿಗೂ ಅದೇ ತತ್ವ. ಒತ್ತಡ ಹೋದರೆ ಒಳಗೆ ಎಷ್ಟು ಪುಡಿ ಇದ್ದರೂ ಅದು ಬರೀ ಭಾರದ ಡಬ್ಬಿ. ಅದಕ್ಕೇ ತಿಂಗಳಿಗೊಮ್ಮೆ ನೋಡುವುದು.

ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿ ಇರಬೇಕು. ಪಿನ್ ಮತ್ತು ಅದರ ಸೀಲ್ ತುಂಡಾಗಿರಬಾರದು. ಹೋಸಿನಲ್ಲಿ ಬಿರುಕು ಇದೆಯೇ, ಬಾಯಿಯಲ್ಲಿ ಕೀಟ ಗೂಡು ಕಟ್ಟಿದೆಯೇ ನೋಡಿ. ಇದು ನಿಜಕ್ಕೂ ಆಗುತ್ತದೆ. ತಳದಲ್ಲಿ ತುಕ್ಕು ಹಿಡಿದಿದೆಯೇ ಎಂದು ಎತ್ತಿ ನೋಡಿ, ಮೇಲಿನಿಂದ ನೋಡಿದರೆ ಅದು ಕಾಣುವುದಿಲ್ಲ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ. ಅದನ್ನು ತೂಕ ಮಾಡಿಯೇ ತಿಳಿಯಬೇಕು. ಒಳಗಿನ ಗ್ಯಾಸಿನ ತೂಕ 10 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ರೀಫಿಲ್ ಮಾಡಿಸಬೇಕು. ನೋಡಿದ ದಿನಾಂಕವನ್ನು ಟ್ಯಾಗಿನಲ್ಲಿ ಬರೆದು ಸಹಿ ಹಾಕಿ. ಸಿಲಿಂಡರನ್ನೇ ನೋಡದೆ ಹನ್ನೆರಡು ತಿಂಗಳ ಸಹಿಯನ್ನು ಒಂದೇ ಸಲ ಹಾಕುವ ಅಭ್ಯಾಸ ಕೆಲವೆಡೆ ಇದೆ. ಜೀವಗಳ ವಿಷಯದಲ್ಲಿ ಇದು ತೀರಾ ತಪ್ಪು.

ವರ್ಷಕ್ಕೊಮ್ಮೆ ತರಬೇತಾದ ತಂತ್ರಜ್ಞರಿಂದ ಸರ್ವಿಸ್, ಕೆಲವು ವರ್ಷಗಳಿಗೊಮ್ಮೆ ಒತ್ತಡದ ಪರೀಕ್ಷೆ ಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 10 ಎಂಬ ಮಾನದಂಡದ ಪ್ರಕಾರ ನೀರು ಮತ್ತು ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿಗೆ 5 ವರ್ಷಕ್ಕೊಮ್ಮೆ, ಸಾಮಾನ್ಯ ಪೌಡರಿನದಕ್ಕೆ 12 ವರ್ಷಕ್ಕೊಮ್ಮೆ. ನಿಮ್ಮಲ್ಲಿ ಯಾವ ನಿಯಮ ಇದೆಯೋ ಅದೇ ಅಂತಿಮ.

ತೂಗುಹಾಕುವ ಜಾಗವೂ ಮುಖ್ಯ. ಹೊರಬಾಗಿಲಿನ ಹತ್ತಿರ, ಓಡಾಡುವ ದಾರಿಯಲ್ಲಿ, ಎದೆಮಟ್ಟದಲ್ಲಿ ಇರಲಿ. ಅಪಾಯದ ವಸ್ತುವಿನ ಪಕ್ಕದಲ್ಲೇ ಇಟ್ಟರೆ ಬೆಂಕಿ ದಾಟಿ ಹೋಗಿ ತೆಗೆಯಬೇಕಾಗುತ್ತದೆ. ಬಾಗಿಲ ಬಳಿ ಇದ್ದರೆ, ತರಲು ಹೋದವರು ಹೊರಗೆ ಹೋಗುವ ದಾರಿಯಲ್ಲೇ ಇರುತ್ತಾರೆ. ಎದುರಿಗೆ ಪೆಟ್ಟಿಗೆ, ಕೋಟು, ಕ್ಯಾಲೆಂಡರ್ ಏನೂ ಬೇಡ.

ಬೆಂಕಿ ಕಂಡಿತು, ಈಗ?

ಮೊದಲು ಬಾಯಿ. "ಬೆಂಕಿ! ಬೆಂಕಿ!" ಎಂದು ಜೋರಾಗಿ ಕೂಗಿ. ಅಲಾರಂ ಒತ್ತಿ. ಚಿಕ್ಕದು, ನಾನೇ ಆರಿಸುತ್ತೇನೆ, ಗಲಾಟೆ ಯಾಕೆ ಎಂದು ಅನಿಸುತ್ತದೆ, ಅಲ್ವಾ? ಅದೇ ಯೋಚನೆ ಜೀವ ತೆಗೆಯುವುದು. ಅಲಾರಂ ಒತ್ತಿದ ಮೇಲೆ ಬೆಂಕಿ ಆರಿದರೆ ಯಾರಿಗೂ ನಷ್ಟವಿಲ್ಲ. ಇನ್ನೊಬ್ಬರಿಗೆ ಹೆಸರು ಹಿಡಿದು ಹೇಳಿ: "ನೀವು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ." "ಯಾರಾದರೂ ಮಾಡಿ" ಎಂದರೆ ಯಾರೂ ಮಾಡದೆ ಹೋಗಬಹುದು. ಫೋನಿನಲ್ಲಿ ವಿಳಾಸ, ಮಹಡಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂಬುದನ್ನು ಹೇಳಬೇಕು. ಅವರು ಇಡಿ ಎನ್ನುವವರೆಗೆ ಫೋನ್ ಇಡಬಾರದು.

ಕೈಗೆ ಸಿಗುವಂತಿದ್ದರೆ ಮೇನ್ ಸ್ವಿಚ್ ಆರಿಸಿ. ಕರೆಂಟ್ ಹೋದರೆ ಬೆಂಕಿಗೆ ಬಿಸಿ ಕೊಡುತ್ತಿದ್ದ ಮೂಲವೇ ನಿಲ್ಲುತ್ತದೆ.

ಈಗ ತೀರ್ಮಾನ. ಬೆಂಕಿ ಕಸದ ಬುಟ್ಟಿಯಷ್ಟೇ ಇದೆಯೇ? ಏನು ಉರಿಯುತ್ತಿದೆ ಎಂದು ಗೊತ್ತಿದೆಯೇ? ಕೈಯಲ್ಲಿರುವುದು ಅದಕ್ಕೆ ಸರಿಯಾದ ಸಿಲಿಂಡರೇ? ಬಾಗಿಲು ನನ್ನ ಬೆನ್ನ ಹಿಂದಿದೆಯೇ? ಹೊಗೆ ಕೋಣೆ ತುಂಬದೆ ಇನ್ನೂ ಕಡಿಮೆಯೇ ಇದೆಯೇ? ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಎಂದು ಬಂದರೂ ಬಾಗಿಲು ಎಳೆದುಕೊಂಡು ಹೊರಡಿ. ಉತ್ತರ ಗೊತ್ತಿಲ್ಲ ಎಂದಾದರೂ ಹೊರಡಿ. ಸಿಲಿಂಡರ್ ಹಿಡಿಯುವುದು ಯಾರ ಕರ್ತವ್ಯವೂ ಅಲ್ಲ.

ಹಿಡಿದು ಒತ್ತುವ ಕ್ರಮ

ಎಳೆ, ಗುರಿ ಹಿಡಿ, ಒತ್ತು, ಬೀಸು. ನಾಲ್ಕೇ ಕೆಲಸ, ಆದರೆ ಪ್ರತಿಯೊಂದರಲ್ಲೂ ಎಡವುವ ಜಾಗವಿದೆ.

ಪಿನ್ ಎಳೆಯುವಾಗಲೇ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಗಾಬರಿಯಲ್ಲಿ ಒಂದು ಕೈ ಹಿಡಿಯನ್ನು ಬಿಗಿಯಾಗಿ ಒತ್ತಿರುತ್ತದೆ, ಇನ್ನೊಂದು ಕೈ ಪಿನ್ ಎಳೆಯುತ್ತಿರುತ್ತದೆ. ಹಿಡಿ ಒತ್ತಿದ್ದರೆ ಪಿನ್ ಬಿಗಿದುಕೊಂಡು ಬರುವುದೇ ಇಲ್ಲ. ಸಿಲಿಂಡರನ್ನು ನೆಲದ ಮೇಲೆ ಇಟ್ಟು, ಹಿಡಿಯನ್ನು ಮುಟ್ಟದೆ ಮೈಯನ್ನು ಹಿಡಿದುಕೊಂಡು, ಪಿನ್ನನ್ನು ಸ್ವಲ್ಪ ತಿರುಚಿ ಎಳೆಯಿರಿ. ಪ್ಲಾಸ್ಟಿಕ್ ಸೀಲ್ ಪಟ್ಟನೆ ತುಂಡಾಗಿ ಪಿನ್ ಹೊರಬರುತ್ತದೆ. ಕೆಲವು ಹಳೆ ಬಗೆಯವುಗಳಲ್ಲಿ ಗ್ಯಾಸು ಒಳಗೊಂದು ಚಿಕ್ಕ ಕಾರ್ಟ್ರಿಡ್ಜಿನಲ್ಲಿರುತ್ತದೆ. ಅವುಗಳಲ್ಲಿ ಮೊದಲು ಮೇಲಿನ ಗುಬುಟನ್ನು ಗುದ್ದಿ, ಒತ್ತಡ ತುಂಬಲು ಕೆಲವು ಸೆಕೆಂಡ್ ಬಿಟ್ಟು ಆಮೇಲೆ ಒತ್ತಬೇಕು.

ಬೆಂಕಿಯ ಹತ್ತಿರ ಹೋಗುವ ಮೊದಲೇ ದೂರದಲ್ಲಿ ನಿಂತು ಒಮ್ಮೆ ಚಿಕ್ಕದಾಗಿ ಒತ್ತಿ ನೋಡಿ. ಬರುತ್ತಿಲ್ಲ ಎಂದು ಬೆಂಕಿಯ ಎದುರು ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗುವುದು ಒಳ್ಳೆಯದು. ಹೊರಗಡೆಯಾದರೆ ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವಂತೆ ನಿಲ್ಲಿ. ಪೌಡರಿಗೆ 2-3 ಮೀಟರ್ ದೂರ ಸಾಕು. ಕಾರ್ಬನ್ ಡೈ ಆಕ್ಸೈಡ್ ದೂರ ಹೋಗುವುದಿಲ್ಲ, ಒಂದೆರಡು ಮೀಟರ್ ಹತ್ತಿರವೇ ಬೇಕು.

ಗುರಿ ಬೆಂಕಿಯ ಬುಡಕ್ಕೆ. ಕಣ್ಣಿಗೆ ಕುಣಿಯುವ ಜ್ವಾಲೆಯೇ ದೊಡ್ಡದಾಗಿ ಕಾಣುವುದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಕಳೆಯ ತುದಿ ಕೊಯ್ದು ಬೇರು ಬಿಟ್ಟ ಹಾಗೆ, ಜ್ವಾಲೆಗೆ ಹೊಡೆದರೆ ಅದು ಮತ್ತೆ ಏಳುತ್ತದೆ. ಸಿಲಿಂಡರನ್ನು ನೆಟ್ಟಗೆ ಹಿಡಿದುಕೊಂಡೇ ಒತ್ತಬೇಕು, ಅಡ್ಡ ಮಲಗಿಸಿದರೆ ಅಥವಾ ತಲೆಕೆಳಗೆ ಮಾಡಿದರೆ ಬರೀ ಗ್ಯಾಸು ಹೋಗಿ ಪುಡಿ ಒಳಗೇ ಉಳಿಯುತ್ತದೆ. ಒಮ್ಮೆ ಒತ್ತಿದ ಮೇಲೆ ಬೆಂಕಿಯ ಅಗಲಕ್ಕಿಂತ ಸ್ವಲ್ಪ ಆಚೆಯವರೆಗೆ ಅತ್ತಿತ್ತ ಬೀಸುತ್ತಾ, ಈಚೆಯ ಅಂಚಿನಿಂದ ಆಚೆಗೆ ಬೆಂಕಿಯನ್ನು ತಳ್ಳುತ್ತಾ ಹೋಗಿ.

ದ್ರವದ ಬೆಂಕಿಗೆ ತೀರಾ ಹತ್ತಿರದಿಂದ ನೇರ ಹೊಡೆದರೆ ದ್ರವ ಎರಚಿ ಬೆಂಕಿ ಹರಡುತ್ತದೆ. ಸ್ವಲ್ಪ ದೂರದಿಂದ ಶುರುಮಾಡಿ. ಫೋಮ್ ಆದರೆ ಹಿಂದಿನ ಗೋಡೆಗೋ ಪಾತ್ರೆಯ ಒಳಬದಿಗೋ ಹೊಡೆದು, ನೊರೆ ತಾನಾಗಿ ಜಾರಿ ಮೇಲೆ ಹರಡುವಂತೆ ಬಿಡಬೇಕು.

ಕಾರ್ಬನ್ ಡೈ ಆಕ್ಸೈಡ್ ಒತ್ತುವಾಗ ಬರುವ ಸದ್ದು ಹೊಸಬರನ್ನು ಬೆಚ್ಚಿಬೀಳಿಸುತ್ತದೆ, ಕೈ ಬಿಡಬೇಡಿ. ಗ್ಯಾಸು ಹೊರಬರುವ ಕಪ್ಪು ಕೊಳವೆಯನ್ನು, ಅಂದರೆ ಹಾರ್ನನ್ನು, ಬರಿಗೈಯಲ್ಲಿ ಹಿಡಿಯಬೇಡಿ. ಹೊರಬರುವ ಗ್ಯಾಸಿನಲ್ಲಿ ಮೈನಸ್ 78 ಡಿಗ್ರಿಯ ಒಣ ಮಂಜಿನ ಕಣಗಳಿರುತ್ತವೆ, ಚರ್ಮ ಅಂಟಿಕೊಂಡು ಸುಟ್ಟಂತೆ ಗಾಯವಾಗುತ್ತದೆ. ಹಿಡಿಕೆ ಇರುವ ಕಡೆಯೇ ಹಿಡಿಯಿರಿ. ಚಿಕ್ಕ ಕೋಣೆಯಲ್ಲಿ ಬಳಸಿದರೆ ಉಸಿರಾಡಲು ಗಾಳಿ ಸಾಲದು, ಕೆಲಸ ಆದ ಕೂಡಲೇ ಹೊರಗೆ ಬಂದು ಬಾಗಿಲು ಮುಚ್ಚಿ. ಮನುಷ್ಯರ ಮೇಲೆ ಇದನ್ನು ಹೊಡೆಯಬಾರದು.

ಜ್ವಾಲೆ ಹೋದ ಮೇಲೂ ಬೆನ್ನು ತಿರುಗಿಸಬೇಡಿ. ಬೆಂಕಿಯನ್ನು ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆ ಇಡಿ. ಸಿಲಿಂಡರ್ ಖಾಲಿಯಾಗಿ ಬೆಂಕಿ ಇನ್ನೂ ಇದ್ದರೆ ಎರಡನೆಯದನ್ನು ಹುಡುಕುತ್ತಾ ನಿಲ್ಲಬೇಡಿ, ಹೊರಡಿ.

ಸಿಲಿಂಡರ್ ಹಿಡಿಯಬಾರದ ಬೆಂಕಿಗಳು

ಗ್ಯಾಸ್ ಸೋರಿ ಉರಿಯುತ್ತಿದ್ದರೆ, ವಾಲ್ವ್ ಮುಚ್ಚಲು ಆಗುವವರೆಗೆ ಜ್ವಾಲೆಯನ್ನು ಆರಿಸಬಾರದು. ಕೇಳಲು ವಿಚಿತ್ರ ಅನಿಸಬಹುದು. ಆದರೆ ಜ್ವಾಲೆ ಆರಿ ಗ್ಯಾಸು ಮಾತ್ರ ಸೋರುತ್ತಾ ಹೋದರೆ ಅದು ಕೋಣೆ ತುಂಬಿ, ಒಂದು ಕಿಡಿಗೆ ಸಿಡಿಯುತ್ತದೆ. ವಾಲ್ವ್ ಸಿಗದಿದ್ದರೆ ಎಲ್ಲರನ್ನೂ ದೂರ ಕಳಿಸಿ.

ಲಿಥಿಯಂ ಬ್ಯಾಟರಿಯಿಂದ ಸುಯ್ ಎಂದು ಹೊಗೆ ಬರಲು ಶುರುವಾದರೆ ಕೋಣೆ ಖಾಲಿ ಮಾಡಿ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲನ್ನು ಹೊತ್ತಿಸುತ್ತಾ ಹೋಗುತ್ತದೆ. ಪೌಡರ್ ಮೇಲಿನ ಜ್ವಾಲೆ ಆರಿಸಿದರೂ ಒಳಗಿನ ಬಿಸಿ ನಿಲ್ಲುವುದಿಲ್ಲ, ಗಂಟೆಗಳಾದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಬರುವ ಹೊಗೆಯೂ ವಿಷ. ಉರಿಯುವ ಲೋಹಕ್ಕೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಇನ್ನೂ ಏರುತ್ತದೆ. ಅಲ್ಲಿ ವಿಶೇಷ ಪುಡಿ ಇದ್ದರೆ ಮಾತ್ರ, ಅದೂ ಕಲಿತವರು ಮಾತ್ರ.

ಹೊರಗೆ ಹೋಗುವಾಗ

ಬೆಂಕಿಯಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ಹೊಗೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುರ್ಚಿ, ಹಾಸಿಗೆಯ ಫೋಮ್, ಪ್ಲಾಸ್ಟಿಕ್ ಉರಿದರೆ ಸೈನೈಡ್ ಕೂಡ ಸೇರುತ್ತದೆ. ಬಿಸಿ ಹೊಗೆ ಸೂರಿಗೆ ಏರಿ ಕೆಳಗಿಳಿಯುತ್ತಾ ಬರುವುದರಿಂದ ನೆಲದ ಹತ್ತಿರ ಗಾಳಿ ಸ್ವಲ್ಪ ಚೆನ್ನಾಗಿರುತ್ತದೆ. ಬಗ್ಗಿ, ಬೇಕಾದರೆ ಮಂಡಿಯೂರಿ ತೆವಳಿ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ಬೇರೆ ದಾರಿ ಹಿಡಿಯಿರಿ. ದಾಟಿದ ಬಾಗಿಲುಗಳನ್ನು ಮುಚ್ಚುತ್ತಾ ಹೋಗಿ, ಬೀಗ ಹಾಕಬೇಡಿ. ಲಿಫ್ಟ್ ಬೇಡ. ಬ್ಯಾಗು, ಲ್ಯಾಪ್‌ಟಾಪ್ ಬೇಡ.

ಯಾವ ದಾರಿಯೂ ಇಲ್ಲದೆ ಸಿಕ್ಕಿಕೊಂಡರೆ, ಕಿಟಕಿ ಇರುವ ಕೋಣೆ ಸೇರಿ ಬಾಗಿಲು ಮುಚ್ಚಿ. ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಫೋನ್ ಮಾಡಿ ಯಾವ ಕೋಣೆ ಎಂದು ಹೇಳಿ, ಕಿಟಕಿಯಿಂದ ಬಟ್ಟೆ ಬೀಸಿ.

ಯಾರದ್ದಾದರೂ ಬಟ್ಟೆ ಹೊತ್ತಿಕೊಂಡರೆ ಓಡಲು ಬಿಡಬೇಡಿ. ಓಡಿದರೆ ಗಾಳಿ ಸಿಕ್ಕಿ ಉರಿ ಏರುತ್ತದೆ. ನಿಲ್ಲಿಸಿ, ಮಲಗಿಸಿ, ಮುಖ ಮುಚ್ಚಿಕೊಂಡು ಉರುಳಲು ಹೇಳಿ. ದಪ್ಪ ಹತ್ತಿ ಅಥವಾ ಉಣ್ಣೆಯ ಕಂಬಳಿ ಇದ್ದರೆ ಸುತ್ತಿ. ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು 20 ನಿಮಿಷ ಬಿಡಿ. ಐಸ್, ಪೇಸ್ಟ್, ಎಣ್ಣೆ ಯಾವುದೂ ಬೇಡ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ.

ಸೇರುವ ಜಾಗಕ್ಕೆ ಬಂದ ಮೇಲೆ ತಲೆ ಎಣಿಸಿ. ಒಬ್ಬರು ಕಡಿಮೆ ಇದ್ದರೆ ಅಗ್ನಿಶಾಮಕ ದಳದವರಿಗೆ ಹೆಸರು ಮತ್ತು ಕೊನೆಗೆ ಕಂಡ ಜಾಗ ಹೇಳಿ. ಯಾರೂ ಮತ್ತೆ ಒಳಗೆ ಹೋಗಬಾರದು, ಎಷ್ಟೇ ಆಪ್ತರು ಒಳಗಿದ್ದರೂ. ಇದು ಕಲ್ಲು ಮನಸ್ಸಿನ ಮಾತಲ್ಲ. ಹೊಗೆಯೊಳಗೆ ಹೋದವರು ಎರಡೇ ಉಸಿರಿಗೆ ಬಿದ್ದರೆ, ರಕ್ಷಣೆಗೆ ಬಂದವರು ಒಬ್ಬರ ಬದಲು ಇಬ್ಬರನ್ನು ಹುಡುಕಬೇಕಾಗುತ್ತದೆ.

ಆರಿದ ಮೇಲೆ, ಮತ್ತು ಅಭ್ಯಾಸ

ಬೆಂಕಿ ಪೂರ್ತಿ ಆರಿದಂತೆ ಕಂಡರೂ ಅಗ್ನಿಶಾಮಕ ದಳದವರು ಬಂದು ನೋಡಲಿ. ಗೋಡೆಯ ಸಂದಿ, ಫಾಲ್ಸ್ ಸೀಲಿಂಗಿನ ಮೇಲೆ ಬೆಂಕಿ ಅಡಗಿರಬಹುದು. ಒಂದೇ ಸೆಕೆಂಡ್ ಒತ್ತಿದ ಸಿಲಿಂಡರನ್ನೂ ವಾಪಸ್ ಗೋಡೆಗೆ ಹಾಕಬೇಡಿ. ಪುಡಿಯ ಕಣ ವಾಲ್ವಿನಲ್ಲಿ ಕೂತು ಒತ್ತಡ ನಿಧಾನಕ್ಕೆ ಸೋರಿಹೋಗುತ್ತದೆ. ಅದನ್ನು ಬೇರೆ ಇಟ್ಟು, ‘ಬಳಸಲಾಗಿದೆ’ ಎಂದು ಬರೆದು, ಆ ಜಾಗಕ್ಕೆ ಅವತ್ತೇ ಇನ್ನೊಂದು ತರಿಸಿ. ಚೆಲ್ಲಿದ ಎಬಿಸಿ ಪುಡಿಯನ್ನು ಬೇಗ ಒರೆಸಿ, ತೇವ ಸೇರಿದರೆ ಅದು ಲೋಹವನ್ನು ತಿನ್ನುತ್ತದೆ.

ರೀಫಿಲ್ ದಿನಾಂಕ ಬಂದಿರುವ ಸಿಲಿಂಡರುಗಳನ್ನು ಸುಮ್ನೆ ಕಳಿಸಬೇಡಿ. ಹೇಗೂ ಖಾಲಿ ಮಾಡಿ ತುಂಬುವುದೇ ಇದೆ. ಕಳಿಸುವ ಮೊದಲು ಬಯಲಿನಲ್ಲಿ, ತರಬೇತಿ ಕೊಡುವವರ ಎದುರು, ಎಲ್ಲರಿಂದಲೂ ಒತ್ತಿಸಿ. ಕಾವಲುಗಾರರು, ಸ್ವಚ್ಛತೆಯವರು, ಕ್ಯಾಂಟೀನಿನವರು, ಹೊಸದಾಗಿ ಸೇರಿದವರು, ರಾತ್ರಿ ಪಾಳಿಯವರು ಎಲ್ಲರೂ ಇರಲಿ, ಏಕೆಂದರೆ ಬೆಂಕಿಯನ್ನು ಮೊದಲು ನೋಡುವವರು ಹೆಚ್ಚಾಗಿ ಇವರೇ. ಪಿನ್ ಎಷ್ಟು ಬಿಗಿ ಇರುತ್ತದೆ, ಸಿಲಿಂಡರ್ ಎಷ್ಟು ಭಾರ, ಎಷ್ಟು ಬೇಗ ಖಾಲಿಯಾಗುತ್ತದೆ ಎನ್ನುವುದು ಕೈಗೆ ಗೊತ್ತಾಗಬೇಕು. ಹೊರಗೆ ಹೋಗುವ ಅಭ್ಯಾಸವನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಿ. ಅದರಲ್ಲಿ ಒಮ್ಮೆ ಮುಖ್ಯ ಬಾಗಿಲನ್ನು ಬೇಕೆಂದೇ ಮುಚ್ಚಿ, ಎಲ್ಲರೂ ಎರಡನೇ ದಾರಿಯಲ್ಲಿ ಇಳಿಯುವಂತೆ ಮಾಡಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಗುಂಪುಗೂಡಿತು, ಯಾವ ಬಾಗಿಲು ಬಿಗಿಯಾಗಿತ್ತು ಎಂದು ಬರೆದಿಟ್ಟು, ಅದೇ ವಾರ ಸರಿಪಡಿಸಿ.